ಜವರಮ್ಮನ ಬದಲು ಹತ್ತಿದ ಮರಳಿನ ಚೀಲ

ಕೇಳ್ರಪ್ಪ, ಕೇಳ್ರವ್ವ. ಸರಿಯಾಗಿ ಕೂತ್ಕೊಳಿ, ಮುಂದಿರೋ ಕಂಬಿ ಗಟ್ಟಿಯಾಗಿ ಹಿಡ್ಕೊಳಿ. ನಗು ಬಂದ್ರೆ ನಗಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಕತೆ ನಿಲ್ಲೋತನಕ ಯಾರೂ ಕಂಬಿ ಬಿಡಬೇಡಿ.

ಒಂದೂರಿನ ಆಚೆ, ಹೆದ್ದಾರಿ ಪಕ್ಕದಲ್ಲಿ, ಒಂದು ಆಟದ ಪಾರ್ಕು. ಪಾರ್ಕಿನ ನಡುವೆ ಒಂದು ಜೈಂಟ್ ವೀಲು. ಅದರ ಬುಡದಲ್ಲಿ ಚಪ್ಪಲಿ ಕಾಯೋ ಕಟ್ಟೆ. ಮೇಲೆ ಹೋದವರ ಕಾಲಿಂದ ಚಪ್ಪಲಿ ಜಾರಿ ಕೆಳಗಿದ್ದವರ ತಲೆ ಮೇಲೆ ಬೀಳಬಾರದಲ್ಲ, ಅದಕ್ಕೆ ಹತ್ತುವ ಮುಂಚೆ ಎಲ್ಲರೂ ಅಲ್ಲಿ ಚಪ್ಪಲಿ ಬಿಡಬೇಕು. ಆ ಚಪ್ಪಲಿ ಕಾಯುವವಳು ಜವರಮ್ಮ. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಮೊಣಕಾಲು ನೋವು ಬೇರೆ. ಇರುವವನು ಒಬ್ಬನೇ ಮಗ, ಮುದ್ದಯ್ಯ.

ಮುದ್ದಯ್ಯ ಆಳು ನೋಡಿದರೆ ಬಾಗಿಲಿಗೆ ತಲೆ ತಾಗಬೇಕು, ಅಷ್ಟೆತ್ತರ. ದಪ್ಪ ಮೀಸೆ. ಮೂಟೆ ಎತ್ತಿದರೆ ಇಬ್ಬರು ಎತ್ತುವ ಮೂಟೆ ಒಬ್ಬನೇ ಎತ್ತುತ್ತಿದ್ದ. ಬುದ್ಧಿ ಮಾತ್ರ ಹಂಚುವ ಹೊತ್ತಿಗೆ ಇವನು ಸಾಲಿನಲ್ಲಿ ಇರಲಿಲ್ಲ. ಹಾಗಂತ ಹೇಳಿದ ಮಾತು ಕೇಳದ ಮಗ ಅನ್ನೋಹಾಗಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಜವರಮ್ಮನ ಕಷ್ಟವೇ ಅದು.

ಒಂದು ದಿನ ಮಗನನ್ನು ತನ್ನ ಅಕ್ಕನ ಮನೆಗೆ ಕಳಿಸುವಾಗ ಜವರಮ್ಮ, "ರಸ್ತೇಲಿ ನಿಂತ್ಕೋ, ಬಸ್ಸು ಬಂದ್ರೆ ಕೈ ಅಡ್ಡ ಹಿಡಿ," ಅಂದಳು. ಮುದ್ದಯ್ಯ ಹೋಗಿ ನಿಂತ. ಬಸ್ಸು ಬಂತು, ಕೈ ಅಡ್ಡ ಹಿಡಿದ, ಬಸ್ಸು ನಿಂತಿತು. ಕಂಡಕ್ಟರು ಹತ್ತು ಹತ್ತು ಅಂದ. ಇವನು ಹತ್ತಲಿಲ್ಲ. ಇನ್ನೊಂದು ಬಸ್ಸು ಬಂತು, ಅದಕ್ಕೂ ಕೈ ಅಡ್ಡ ಹಿಡಿದ, ಅದೂ ನಿಂತಿತು. ಅದನ್ನೂ ಹತ್ತಲಿಲ್ಲ. ಸಂಜೆತನಕ ಆ ದಾರಿಯಲ್ಲಿ ಬಂದ ಬಸ್ಸನ್ನೆಲ್ಲ ನಿಲ್ಲಿಸಿ, ಎಲ್ಲರ ಹತ್ತಿರವೂ ಬೈಸಿಕೊಂಡು ಮನೆಗೆ ವಾಪಸು ಬಂದ.

"ಯಾಕ್ಲಾ ಹತ್ತಲಿಲ್ಲ?"

"ಕೈ ಹಿಡಿ ಅಂದೆ. ಹತ್ತು ಅನ್ನಲಿಲ್ವಲ್ಲವ್ವ."

ಜವರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಇರೋತನಕ ಸರಿ, ನಾನು ಹೋದ ಮೇಲೆ ಇವನಿಗೆ ಒಂದು ತುತ್ತು ಹಾಕುವವರು ಯಾರು ಅನ್ನುವುದು ಅವಳ ಚಿಂತೆ. ಆ ಚಿಂತೆ ಹೊತ್ತುಕೊಂಡೇ ಮಾರನೇ ದಿನ ಮೇಸ್ತ್ರಿ ಪ್ಯಾರೇಜಾನ್ ಹತ್ತಿರ ಹೋದಳು. ಪಾರ್ಕಿನ ಆಟಗಳೆಲ್ಲ ಪ್ಯಾರೇಜಾನ್ ಕೈಯಲ್ಲಿ. ಕೆಲಸದವರನ್ನು ಬಿಸಿಲಲ್ಲಿ ನಿಲ್ಲಿಸಬಾರದು, ಹಸಿದ ಹೊಟ್ಟೆಯಲ್ಲಿ ದುಡಿಸಬಾರದು, ಕಣ್ಣು ಮಂಜಾದವನ ಕೈಗೆ ಜನರನ್ನು ಒಪ್ಪಿಸಬಾರದು ಅನ್ನುವ ಮನುಷ್ಯ. ಮಧ್ಯಾಹ್ನ ಎಲ್ಲರಿಗೂ ತಾನೇ ಮಜ್ಜಿಗೆ ಹಂಚುತ್ತಿದ್ದ.

"ನನ್ನ ಮಗನಿಗೂ ಒಂದು ಕೆಲಸ ಕೊಡಿ ಮೇಸ್ತ್ರಿ. ಒಳ್ಳೇ ಗಟ್ಟಿ ಆಳು."

"ಆಳು ಗಟ್ಟಿ ಸರಿ. ತಲೆ?"

"ಹೇಳಿದ್ದು ಮಾಡ್ತಾನೆ."

"ಇಲ್ಲಿ ಹೇಳದೇ ಇರೋದನ್ನೂ ಮಾಡಬೇಕಾಗುತ್ತೆ ಜವರಮ್ಮ. ಜನ ನಮ್ಮನ್ನ ನಂಬಿ ಹತ್ತುತ್ತಾರೆ. ಒಂದು ಪಿನ್ನು ಮರೆತರೆ ಒಂದು ಮನೆಯ ದೀಪ ಆರಿಹೋಗುತ್ತೆ."

"ನಾನು ಜವಾಬು. ಇವನ ಕೈಯಿಂದ ಯಾರಿಗಾದರೂ ಒಂದು ಗಾಯ ಆಗಲಿ, ಅವತ್ತೇ ಇವನನ್ನ ಕರ್ಕೊಂಡು ನಾನೂ ಹೊರಟೋಗ್ತೀನಿ."

"ಕಟ್ಟುಪಾಡು ಗೊತ್ತಲ್ಲ?" ಅಂದ ಪ್ಯಾರೇಜಾನ್.

ಜವರಮ್ಮನಿಗೆ ಗೊತ್ತಿತ್ತು. ಆ ಪಾರ್ಕಿನಲ್ಲಿ ಹೊಸಬನ ಕೈಗೆ ಆಟ ಒಪ್ಪಿಸುವ ಮುಂಚೆ, ಅವನಿಗೆ ಜವಾಬು ನಿಂತವರು ಮೊದಲ ಸುತ್ತು ಹತ್ತಬೇಕು. ಹತ್ತಿಸುವವನು ಹೊಸಬ, ಹತ್ತುವವರು ಅವನನ್ನು ಕರೆತಂದವರು. ನನ್ನವನು ಅಂತ ಕರೆತಂದ ಮೇಲೆ ಅವನ ಕೈಯಲ್ಲಿ ನಿನ್ನ ಪ್ರಾಣ ಇಟ್ಟು ತೋರಿಸು, ಆಮೇಲೆ ಬೇರೆಯವರ ಪ್ರಾಣ. ಪ್ಯಾರೇಜಾನ್ ಬಂದಾಗ ಅವನ ಮಾವ ಹತ್ತಿದ್ದನಂತೆ.

ಜವರಮ್ಮ ದೋಣಿಯ ಕಡೆ ನೋಡಿದಳು. ದೋಣಿ ಅಂದರೆ ನೀರಿಲ್ಲದ ದೋಣಿ, ಉಯ್ಯಾಲೆ ಹಾಗೆ ಆ ಕಡೆ ಈ ಕಡೆ ತೂಗುವಂಥದ್ದು. ಪಕ್ಕದಲ್ಲಿ ಮಗ ಮೀಸೆ ತಿರುವುತ್ತ ನಿಂತಿದ್ದ.

"ನನ್ನ ಮೊಣಕಾಲು ಬಗ್ಗಲ್ಲ ಮೇಸ್ತ್ರಿ."

ಮೊಣಕಾಲು ಬಗ್ಗುತ್ತಿರಲಿಲ್ಲ, ನಿಜ. ಆದರೆ ನಿಜ ಅಷ್ಟೇ ಅಲ್ಲ. ಪ್ಯಾರೇಜಾನ್‌ಗೆ ಅರ್ಥವಾಯಿತು. ಒಳ್ಳೇ ಮನುಷ್ಯ, ಕೆದಕಲಿಲ್ಲ. ಅವಳ ತೂಕದಷ್ಟು ಮರಳು ತುಂಬಿಸಿ ಒಂದು ಚೀಲ ಕಟ್ಟಿಸಿದ. "ಇದು ಜವರಮ್ಮನ ಬದಲು," ಅಂದ. ಮುದ್ದಯ್ಯ ಆ ಚೀಲವನ್ನು ಎತ್ತಿ ಕೂರಿಸಿದ, ಕಂಬಿ ಹಾಕಿದ, ಪಿನ್ನು ತೂರಿಸಿದ, ಜಗ್ಗಿ ನೋಡಿದ. ದೋಣಿ ತೂಗಿತು, ನಿಂತಿತು. ಚೀಲ ಇದ್ದಲ್ಲೇ ಇತ್ತು.

"ಅವ್ವ, ನಿನ್ನ ಚೀಲ ಹೋಗಿ ಬಂತು. ನೀನು ಯಾವಾಗ ಹತ್ತೀಯ?"

"ಹತ್ತೀನಿ ತಡಿ," ಅಂದಳು ಜವರಮ್ಮ.

ಹೀಗೆ ಮುದ್ದಯ್ಯನಿಗೆ ದೋಣಿಯ ಕೆಲಸ ಸಿಕ್ಕಿತು. ಗೇಟು ತೆಗೆಯುವ ಮುಂಚೆ ದಿನಾ ಬೆಳಿಗ್ಗೆ ದೋಣಿಗೆ ಮರಳಿನ ಚೀಲ ತುಂಬಿ ತೂಗಿ ನೋಡಬೇಕು. ಪ್ಯಾರೇಜಾನ್ ನಿಂತು ಹೇಳಿಕೊಟ್ಟ. "ಎತ್ತಿ ಕೂರಿಸು. ಕಂಬಿ ಹಾಕು. ಪಿನ್ನು ತೂರಿಸಿ ಜಗ್ಗಿ ನೋಡು. ಆಮೇಲೆ ಪಕ್ಕೆಗೆ ಒಂದು ಗುದ್ದು ಕೊಡು. ಜಾರಲಿಲ್ಲ ಅಂದ್ರೆ ಹ್ಯಾಂಡಲ್ ಎತ್ತು. ಆಟ ನಡೀತಿರುವಾಗ ಹ್ಯಾಂಡಲ್ ಬಿಟ್ಟು ಅಲ್ಲಾಡಬೇಡ."

"ಆಯ್ತು ಮೇಸ್ತ್ರಿ."

ಮುದ್ದಯ್ಯ ಚೀಲ ಕೂರಿಸಿದ, ಕಂಬಿ ಹಾಕಿದ, ಜಗ್ಗಿದ, ಗುದ್ದಿದ. ಒಂದೂ ಜಾರಲಿಲ್ಲ. ಮೇಸ್ತ್ರಿ ಭೇಷ್ ಅಂದ. ಜವರಮ್ಮನಿಗೆ ಉಸಿರು ಬಂತು.

ಗೇಟು ತೆಗೆದರು. ಮೊದಲು ಬಂದವರು ಗರಿಗರಿ ಪಂಚೆ ಉಟ್ಟ ಒಬ್ಬ ಮರದ ವ್ಯಾಪಾರಿ. ಮುದ್ದಯ್ಯ ಅವರ ಕಂಕುಳಿಗೆ ಕೈ ಹಾಕಿ ಎತ್ತಿದ. ಎತ್ತಿ ಕೂರಿಸಿದ. ಕಂಬಿ ಹಾಕಿದ, ಪಿನ್ನು ತೂರಿಸಿದ, ಜಗ್ಗಿ ನೋಡಿದ. ಆಮೇಲೆ ಪಕ್ಕೆಗೆ ಒಂದು ಗುದ್ದು ಕೊಟ್ಟ. ಅವರು ಅಯ್ಯಪ್ಪಾ ಅಂದರು. ಜಾರಲಿಲ್ಲ. ಮುದ್ದಯ್ಯ ಪಕ್ಕದಲ್ಲಿದ್ದ ಅವರ ಹೆಂಡತಿಯ ಕಡೆ ತಿರುಗುವಷ್ಟರಲ್ಲಿ ಪ್ಯಾರೇಜಾನ್ ಓಡಿಬಂದು ಕೈ ಹಿಡಿದುಕೊಂಡ.

ವ್ಯಾಪಾರಿಯ ಕಾಲು ಹಿಡಿಯುವುದೊಂದು ಬಾಕಿ. ಜವರಮ್ಮ ಚಪ್ಪಲಿ ಕಟ್ಟೆ ಬಿಟ್ಟು ಬಂದು, ಸೆರಗೊಡ್ಡಿ ಬೇಡಿದಳು. ಹೇಗೋ ಅವರು ಪಕ್ಕೆ ನೀವಿಕೊಳ್ಳುತ್ತ ಹೋದರು.

"ಅಲ್ಲ ಕಣ್ಲಾ, ಅವರು ಚೀಲವೇನ್ಲಾ? ಜನ ಕಣ್ಲಾ, ಜನ. ಕೂರಿಸಬೇಕಾದ್ರೆ ಕೈಮುಗಿ. ಬನ್ನಿ, ಹೆದರಬೇಡಿ ಅನ್ನು. ಬಾಯಾರಿಕೆ ಆಗಿದ್ಯಾ ಅಂತ ಕೇಳು. ಅವರು ಹೂಂ ಅಂದ ಮೇಲೆ ಆಟ ಶುರು ಮಾಡು."

"ಆಯ್ತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

"ಜವರಮ್ಮ, ಇದೊಂದು ಸಲ," ಅಂದ ಪ್ಯಾರೇಜಾನ್.

ಮಾರನೇ ದಿನ ಬೆಳಿಗ್ಗೆ ಮುದ್ದಯ್ಯ ಒಂದೊಂದೇ ಚೀಲ ಹೊತ್ತು ತಂದ. ಕೈಮುಗಿದ. "ಬನ್ನಿ, ಹೆದರಬೇಡಿ," ಅಂದ. ಕಂಬಿ ಹಾಕಿದ, ಪಿನ್ನು ಜಗ್ಗಿ ನೋಡಿದ. ಎದುರಿಗೆ ನಿಂತು, "ಬಾಯಾರಿಕೆ ಆಗಿದ್ಯಾ?" ಅಂತ ಕೇಳಿದ. ಚೀಲ ಸುಮ್ಮನಿತ್ತು. ಪಾಪ, ಬಹಳ ಬಾಯಾರಿಕೆ ಆಗಿರಬೇಕು, ಮಾತೇ ಹೊರಡುತ್ತಿಲ್ಲ ಅಂದುಕೊಂಡು ತನ್ನ ಬುತ್ತಿಯ ಮಜ್ಜಿಗೆ ತಂದು ಮುಂದೆ ಹಿಡಿದ. "ಹೂಂ ಅನ್ನಿ," ಅಂದ. ಚೀಲ ಹೂಂ ಅನ್ನಲಿಲ್ಲ.

ಆ ಕಡೆ ಗೇಟಿನ ಹತ್ತಿರ ಜನ ಸೇರಿದರು. ಬಿಸಿಲೇರಿತು. ಮುದ್ದಯ್ಯ ಜವರಮ್ಮನ ಬದಲಿನ ಚೀಲದ ಮುಂದೆ ಮಂಡಿಯೂರಿ ಕೂತು, "ನೀನಾದ್ರೂ ಹೂಂ ಅನ್ನವ್ವ," ಅಂತ ಬೇಡುತ್ತಿದ್ದ. ಗೇಟಿನವನು ದೋಣಿ ನೋಡಿ ಆಗಿದೆ ಅಂದುಕೊಂಡು ಬಾಗಿಲು ತೆಗೆದುಬಿಟ್ಟ. ಜನ ನುಗ್ಗಿ ಬಂದು, ಚೀಲ ಪಕ್ಕಕ್ಕೆ ಸರಿಸಿ, ಚೀಲದ ಜೊತೆಗೇ ಕೂರತೊಡಗಿದರು. ತೂಗಿ ನೋಡದ ದೋಣಿ, ಬಿಗಿ ನೋಡದ ಬೋಲ್ಟು. ಪ್ಯಾರೇಜಾನ್ ಬಂದು ನೋಡಿದವನು ಬೆವತುಹೋದ. ಎಲ್ಲರನ್ನೂ ಇಳಿಸುವುದರಲ್ಲಿ ಅವನ ಗಂಟಲು ಕಟ್ಟಿತು.

"ಮಾತಾಡದ ಚೀಲದ ಹತ್ರ ಏನೋ ಕೇಳ್ತೀಯ? ಸುಮ್ಮನಿದ್ರೆ ಒಪ್ಪಿಗೆ ಅಂತ ಶುರು ಮಾಡು. ಯಾರಾದ್ರೂ ಕೂಗಿದ್ರೆ ನಿಲ್ಲಿಸು. ಅಷ್ಟೇ."

"ಆಯ್ತು ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

"ಜವರಮ್ಮ, ಇನ್ನೊಂದು ಸಲ ಅಷ್ಟೇ."

ಜವರಮ್ಮ ಅವತ್ತು ಚಪ್ಪಲಿ ಹಿಂದುಮುಂದು ಮಾಡಿ ಕೊಟ್ಟಳು. ಯಾರದೋ ಎಡಗಾಲಿನದು, ಯಾರದೋ ಬಲಗಾಲಿನದು. ಅವಳ ಕಣ್ಣೆಲ್ಲ ದೋಣಿಯ ಮೇಲೆ.

ಮಧ್ಯಾಹ್ನ ಯಾವುದೋ ಊರಿನ ಮದುವೆ ದಿಬ್ಬಣದವರು ಬಸ್ಸು ನಿಲ್ಲಿಸಿ ಬಂದರು. ದೋಣಿ ತುಂಬಿತು. ಮುದ್ದಯ್ಯ ಕಂಬಿ ಹಾಕಿದ, ಜಗ್ಗಿದ, ಹ್ಯಾಂಡಲ್ ಎತ್ತಿದ. ದೋಣಿ ಮೇಲೆ ಹೋಯಿತು. ಜನ ಹೋ ಅಂತ ಕೂಗಿದರು. ಮುದ್ದಯ್ಯ ನಿಲ್ಲಿಸಿದ. ಜನ ಸುಮ್ಮನಾದರು. ಒಪ್ಪಿಗೆ ಅಂತ ಹ್ಯಾಂಡಲ್ ಎತ್ತಿದ. ದೋಣಿ ಮೇಲೆ ಹೋಯಿತು, ಜನ ಹೋ ಅಂದರು, ನಿಲ್ಲಿಸಿದ. ಎತ್ತಿದ, ಹೋ ಅಂದರು, ನಿಲ್ಲಿಸಿದ. ಎತ್ತಿದ, ನಿಲ್ಲಿಸಿದ. ದೋಣಿ ಬಿಕ್ಕಳಿಕೆ ಬಂದವರ ಹಾಗೆ ಕುಲುಕಿತು. ದಿಬ್ಬಣದವರು ತಿಂದ ಊಟವೆಲ್ಲ ಒಬ್ಬರ ಮೈ ಮೇಲೊಬ್ಬರು ಕಾರಿಕೊಂಡು, ಇಳಿದು, ಪ್ಯಾರೇಜಾನನ್ನು ಹಿಡಿದು ಬೈದರು.

"ಅದು ಖುಷಿಗೆ ಕೂಗೋದು ಕಣೋ ಮಹಾರಾಯ! ಆಟ ಅಂದ್ರೆ ಜನ ಕೂಗೇ ಕೂಗ್ತಾರೆ. ಕೂಗಿದಷ್ಟೂ ಖುಷಿಯಾಗಿದ್ದಾರೆ ಅಂತ. ನೀನು ಕಿವಿಗೇ ಹಾಕ್ಕೋಬೇಡ."

"ಆಯ್ತು ಮೇಸ್ತ್ರಿ. ಇನ್ಮೇಲೆ ಹಂಗೇ ಮಾಡ್ತೀನಿ."

ದೋಣಿ ಇವನ ಕೈಗೆ ಆಗಿಬರುವುದಿಲ್ಲ ಅಂತ ಪ್ಯಾರೇಜಾನ್ ಇವನನ್ನು ಜೈಂಟ್ ವೀಲಿಗೆ ಹಾಕಿದ. ಅದು ನಿಧಾನಕ್ಕೆ ತಿರುಗುವಂಥದ್ದು, ಅಷ್ಟಾಗಿ ಯಾರೂ ಕೂಗುವುದಿಲ್ಲ. ಬುಡದಲ್ಲೇ ತಾಯಿ ಕೂತಿರುತ್ತಾಳೆ, ಒಂದು ಕಣ್ಣಿಡುತ್ತಾಳೆ. ಮೇಸ್ತ್ರಿ ಲೆಕ್ಕ ಅದು. ಜವರಮ್ಮನಿಗೆ ಮಾತ್ರ ಲೆಕ್ಕ ಹತ್ತಲಿಲ್ಲ. ದೋಣಿ ದೂರದಲ್ಲಿತ್ತು, ಇದು ತಲೆಯ ಮೇಲೆ. ಮಗ ಹ್ಯಾಂಡಲ್ ಎತ್ತಿದಾಗಲೆಲ್ಲ ಅವಳು ಕೈಗೆ ಸಿಕ್ಕಿದ ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತೊಟ್ಟಿಲುಗಳೆಲ್ಲ ಒಂದು ಸುತ್ತು ಕೆಳಗೆ ಬಂದ ಮೇಲೆ ಬಿಡುತ್ತಿದ್ದಳು. ಯಾರಿಗೂ ಏನೂ ಆಗದಿರಲಪ್ಪ, ಇವನ ಕೈಯಿಂದ ಯಾರಿಗೂ ಏನೂ ಆಗದಿರಲಿ. ದಿನವೆಲ್ಲ ಇದೇ ಜಪ.

ಕೆಲವು ದಿನ ಏನೂ ಆಗಲಿಲ್ಲ. ಹಾಗೆ ಏನೂ ಆಗದ ದಿನಗಳೇ ಅವಳನ್ನು ಹೆಚ್ಚು ಹೆದರಿಸಿದವು.

ಆಮೇಲೆ ಒಂದು ಭಾನುವಾರ. ಪಾರ್ಕು ತುಂಬ ಜನ. ಪ್ಯಾರೇಜಾನ್ ಜನರೇಟರಿಗೆ ಡೀಸೆಲ್ ಹಾಕಿ ಬರ್ತೀನಿ ಅಂತ ಹಿಂದಿನ ಶೆಡ್ಡಿಗೆ ಹೋಗಿದ್ದ. ಹೊಸದಾಗಿ ಮದುವೆಯಾದ ಒಂದು ಜೋಡಿ ಜವರಮ್ಮನ ಹತ್ತಿರ ಚಪ್ಪಲಿ ಬಿಟ್ಟು ಹತ್ತಿತು. ಹುಡುಗಿಯ ಕೈಯ ಮದರಂಗಿ ಇನ್ನೂ ಮಾಸಿರಲಿಲ್ಲ. ಮುದ್ದಯ್ಯ ಕೈಮುಗಿದ, ಹೆದರಬೇಡಿ ಅಂದ, ಕಂಬಿ ಹಾಕಿದ, ಪಿನ್ನು ತೂರಿಸಿದ, ಜಗ್ಗಿ ನೋಡಿದ. ಜವರಮ್ಮ ಅದನ್ನೆಲ್ಲ ಕಣ್ಣಾರೆ ನೋಡಿದಳು. ಚಕ್ರ ತಿರುಗಿತು.

ತೊಟ್ಟಿಲು ಅರ್ಧ ಮೇಲೆ ಹೋಗಿತ್ತು. ಹುಡುಗಿಯ ಕೈಯಿಂದ ಫೋನು ಜಾರಿ ಕಾಲ ಬುಡಕ್ಕೆ ಬಿತ್ತು. ಬಗ್ಗಲು ಕಂಬಿ ಬಿಡಲಿಲ್ಲ. ಅವಳು ಪಿನ್ನು ಕಿತ್ತಳು. ಕಂಬಿ ಆಚೆಗೆ ತೆರೆದುಕೊಂಡಿತು. ಬಗ್ಗಿದವಳು ಮುಗ್ಗರಿಸಿದಳು. ಗಂಡ ಅವಳ ಸೀರೆ ಹಿಡಿದುಕೊಂಡ. ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ತೊಟ್ಟಿಲಿನ ಸಲಾಕೆ. ಚಕ್ರ ತಿರುಗುತ್ತಲೇ ಇತ್ತು.

"ನಿಲ್ಸಿ! ನಿಲ್ಸಿ!"

ಮುದ್ದಯ್ಯ ಮೇಲೆ ನೋಡಿದ. ಕೂಗುತ್ತಿದ್ದಾರೆ. ಖುಷಿಯಾಗಿದ್ದಾರೆ. ಅವನಿಗೂ ಖುಷಿಯಾಯಿತು. ಹ್ಯಾಂಡಲ್ ಬಿಡಲಿಲ್ಲ.

ಉಳಿದ ತೊಟ್ಟಿಲಿನವರು ನೋಡಿದರು, ಅವರೂ ಕೂಗಿದರು. ಕೆಳಗೆ ಸಾಲಿನಲ್ಲಿ ನಿಂತವರು ಕೂಗಿದರು. ಈ ದಿನ ಎಲ್ಲರಿಗೂ ಬಹಳ ಖುಷಿ ಅಂದುಕೊಂಡ ಮುದ್ದಯ್ಯ.

ಜವರಮ್ಮ ಕಟ್ಟೆಯ ಮೇಲೆ ಎದ್ದು ನಿಂತು, "ನಿಲ್ಸೋ! ಮುದ್ದಯ್ಯ, ನಿಲ್ಸೋ!" ಅಂತ ಕಿರುಚಿದಳು.

ಮುದ್ದಯ್ಯ ತಿರುಗಿ ನೋಡಿದ. ಅವ್ವ ಕೂಗುತ್ತಿದ್ದಾಳೆ. ಅವ್ವ ಇಷ್ಟು ಖುಷಿಯಾಗಿದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಲ್ಲು ಕಿರಿದು ಕೈ ಬೀಸಿದ.

ಆಗ ಜವರಮ್ಮನಿಗೆ ಹೊಳೆಯಿತು. ತಾನು ಕೂಗಿದಷ್ಟೂ ಇವನು ತಿರುಗಿಸುತ್ತಾನೆ. ಮೇಸ್ತ್ರಿ ಹೇಳಿದ್ದಾರೆ, ಇವನು ಹೇಳಿದ ಹಾಗೇ ಮಾಡುತ್ತಿದ್ದಾನೆ. ಕೂಗು ಗಂಟಲಲ್ಲೇ ಇತ್ತು. ಅದನ್ನು ಅವಳು ನುಂಗಿದಳು. ಮೇಲೆ ಹುಡುಗಿ ನೇತಾಡುತ್ತಿರುವಾಗ ಬಾಯಿ ಮುಚ್ಚಿಕೊಳ್ಳುವುದು ಎಂಥ ಕಷ್ಟ ಅಂತ ಅವಳನ್ನೇ ಕೇಳಬೇಕು. ಚಪ್ಪಲಿ ಚೆಲ್ಲಾಪಿಲ್ಲಿ ತುಳಿದುಕೊಂಡು, ಬಗ್ಗದ ಮೊಣಕಾಲನ್ನು ಎಳೆದುಕೊಂಡು ಮಗ ನಿಂತಿದ್ದ ಅಟ್ಟಣೆಯ ಮೆಟ್ಟಿಲು ಹತ್ತಿದಳು. ಸುತ್ತ ಊರೆಲ್ಲ ಕಿರುಚುತ್ತಿತ್ತು. ಅವಳು ಮಗನ ಹೆಗಲು ಹಿಡಿದು, ಕಿವಿಗೆ ಬಾಯಿಟ್ಟು, ಕೂಸಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ನಿಲ್ಸು ಮಗ."

ಮುದ್ದಯ್ಯ ತಕ್ಷಣ ನಿಲ್ಲಿಸಿದ.

ತಕ್ಷಣ ಅಂದರೆ ತಕ್ಷಣ. ಆ ತೊಟ್ಟಿಲು ಎಲ್ಲಕ್ಕಿಂತ ಮೇಲೆ ಇತ್ತು. ಹುಡುಗಿಯ ಒಂದು ಕಾಲು ಗಾಳಿಯಲ್ಲಿ. ಜವರಮ್ಮ ಮೇಲೆ ನೋಡಲಿಲ್ಲ. ನೋಡಿದರೆ ಕೂಗಿಬಿಡುತ್ತಿದ್ದಳು.

"ಮೆಲ್ಲಗೆ ಕೆಳಗಿಳ್ಸು ಮಗ. ಮೊಟ್ಟೆ ಬುಟ್ಟಿ ಇಳಿಸೋ ಹಂಗೆ ಇಳ್ಸು."

ಮುದ್ದಯ್ಯ ಮೆಲ್ಲಗೆ ಇಳಿಸಿದ. ಅಷ್ಟು ಮೆಲ್ಲಗೆ ಆ ಚಕ್ರ ಯಾವತ್ತೂ ತಿರುಗಿರಲಿಲ್ಲ. ಗಂಡನ ಮುಷ್ಟಿಯಲ್ಲಿ ಸೀರೆ ಪರ್ರನೆ ಹರಿಯುವುದು ಕೆಳಗಿನವರಿಗೂ ಕೇಳಿಸಿತು. ಹರಿಯಿತು, ಆದರೆ ಪೂರ್ತಿ ಹರಿಯುವ ಮುಂಚೆ ತೊಟ್ಟಿಲು ಕೆಳಗೆ ಬಂತು. ನಾಲ್ಕು ಜನ ಹುಡುಗಿಯನ್ನು ಹಿಡಿದು ಇಳಿಸಿದರು. ಒಂದು ಗಾಯವೂ ಇರಲಿಲ್ಲ. ಜವರಮ್ಮ ಮೆಟ್ಟಿಲ ಮೇಲೆ ಕೂತಳು.

ಗಂಡ ಮುದ್ದಯ್ಯನ ಕೊರಳಪಟ್ಟಿ ಹಿಡಿದ. "ಪಿನ್ನು ತೆಗೆದದ್ದು ನಾನೇ," ಅಂತ ಹುಡುಗಿ ಅಳುತ್ತ ಹೇಳಿದಳು. ಹೇಳಿದ್ದರಿಂದ ಕೊರಳಪಟ್ಟಿ ಉಳಿಯಿತು. ಪ್ಯಾರೇಜಾನ್ ಓಡಿಬಂದು ಎಲ್ಲ ಕೇಳಿದ. ಕೇಳಿ, ಕಿವಿಗೆ ಹಾಕ್ಕೋಬೇಡ ಅಂದವನು ನಾನೇ ಅಂತ ನೆನಪಾಗಿ, ಬೈಯಲು ತೆರೆದ ಬಾಯಿ ಮುಚ್ಚಿದ. ಜನ ಚದುರಿದ ಮೇಲೆ ಜವರಮ್ಮನ ಪಕ್ಕ ಬಂದು ಕೂತು, ತನ್ನ ಪಾಲಿನ ಮಜ್ಜಿಗೆ ಅವಳಿಗೆ ಕೊಟ್ಟ.

"ಗಾಯ ಆಗಿಲ್ಲ, ಅದಕ್ಕೆ ನೀವಿಬ್ಬರೂ ಇನ್ನೂ ಇಲ್ಲಿದ್ದೀರಿ. ಆದ್ರೆ ಈ ಚಕ್ರ ಸುಮ್ಮನೆ ಜನಕ್ಕೆ ಬಿಡೋಕಾಗಲ್ಲ. ನಾಳೆ ಬೆಳಿಗ್ಗೆ ಮೊದಲ ಸುತ್ತು ನಿಂದು. ಈ ಸಲ ಚೀಲ ನಡೆಯೋಲ್ಲ ಜವರಮ್ಮ."

ಜವರಮ್ಮ ಮಜ್ಜಿಗೆ ಕುಡಿಯಲಿಲ್ಲ. ಚೀಲದ ಹಿಂದೆ ಅಡಗಿಕೊಂಡದ್ದು ಅವಳಿಗೂ ಗೊತ್ತಿತ್ತು. ಊರವರನ್ನೆಲ್ಲ ಮಗನ ಕೈಗೆ ಒಪ್ಪಿಸಿ, ತಾನು ಮಾತ್ರ ಕೆಳಗೆ ಚಪ್ಪಲಿ ಹಿಡಿದು ಕೂತಿದ್ದಳು. ನಾಚಿಕೆ ಆಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಮಗನನ್ನು ನಿಲ್ಲಿಸಿಕೊಂಡು, ಇನ್ನು ಯಾವ ದಾರಿಯಲ್ಲೂ ತಪ್ಪು ನುಸುಳದ ಹಾಗೆ ಬಂದೋಬಸ್ತು ಮಾಡಿದಳು.

"ನೋಡ್ಲಾ. ಇನ್ಮೇಲೆ ಕೂಗೋರ ಮಾತು ಕೇಳಬ್ಯಾಡ. ಮೇಸ್ತ್ರಿ ಮಾತೂ ಕೇಳಬ್ಯಾಡ. ನಾನು ನಿನ್ನ ಪಕ್ಕದಲ್ಲೇ ಇರ್ತೀನಿ. ನಾನು ಕಿವೀಲಿ ತಿರುಗ್ಸು ಅಂದ್ರೆ ತಿರುಗ್ಸು. ನಾನು ಕಿವೀಲಿ ನಿಲ್ಸು ಅಂದ್ರೆ ನಿಲ್ಸು. ಬೇರೆ ಯಾರೇ ಹೇಳಲಿ, ಬೊಮ್ಮನೇ ಬಂದು ಹೇಳಲಿ, ಅಲ್ಲಾಡಬ್ಯಾಡ."

"ಆಯ್ತು ಕಣವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಬೆಳಗಾಯಿತು. ಗೇಟು ಇನ್ನೂ ತೆಗೆದಿರಲಿಲ್ಲ. ಉಳಿದ ತೊಟ್ಟಿಲುಗಳಿಗೆ ಚೀಲ ತುಂಬಿ ಆಗಿತ್ತು, ಒಂದು ತೊಟ್ಟಿಲು ಖಾಲಿ ಇತ್ತು. ಜವರಮ್ಮ ತನ್ನ ಕಟ್ಟೆಯಲ್ಲಿ ತನ್ನ ಚಪ್ಪಲಿ ಬಿಟ್ಟಳು. ಮುದ್ದಯ್ಯ ಕೈಮುಗಿದ.

"ಬಾವ್ವ, ಹೆದರಬ್ಯಾಡ. ಬಾಯಾರಿಕೆ ಆಗಿದ್ಯಾ?"

ಅವಳ ಬಾಯಿ ಒಣಗಿತ್ತು. ಇಲ್ಲ ಅಂದಳು. ಮಗ ಅವಳನ್ನು ಎತ್ತಿ ಕೂರಿಸಿದ. ಕಂಬಿ ಹಾಕಿದ, ಪಿನ್ನು ತೂರಿಸಿದ, ಜಗ್ಗಿ ನೋಡಿದ. ಮತ್ತೆ ಜಗ್ಗಿ ನೋಡಿದ. ಕಿವಿ ಮುಂದೆ ಒಡ್ಡಿದ.

"ತಿರುಗ್ಸು ಮಗ," ಅಂದಳು ಜವರಮ್ಮ.

ತೊಟ್ಟಿಲು ಮೇಲೆದ್ದಿತು. ಅವಳ ಕಟ್ಟೆ ಕೆಳಗೆ ಹೋಯಿತು, ಪಾರ್ಕಿನ ಕಾರಂಜಿ ಕೆಳಗೆ ಹೋಯಿತು, ಗೇಟು ಕೆಳಗೆ ಹೋಯಿತು. ಅರ್ಧ ಮೇಲೆ ಹೋಗಿದ್ದಾಗ ಜವರಮ್ಮನಿಗೆ ಒಂದು ಮಾತು ಹೊಳೆಯಿತು. ನಿಲ್ಸು ಅಂತ ಅವನ ಕಿವಿಯಲ್ಲಿ ಹೇಳಬೇಕಾದವಳು ತಾನು. ತಾನು ಇಲ್ಲಿದ್ದೇನೆ. ಕಿವಿ ಅಲ್ಲಿದೆ.

ಒಂದು ಸುತ್ತು ಮುಗಿಯಿತು. "ಸಾಕು, ನಿಲ್ಸು," ಅಂದ ಪ್ಯಾರೇಜಾನ್. ಮುದ್ದಯ್ಯ ಅಲ್ಲಾಡಲಿಲ್ಲ. ತೊಟ್ಟಿಲು ಅವನ ಪಕ್ಕದಲ್ಲೇ ಹಾದುಹೋಯಿತು. ಜವರಮ್ಮ ಮೆಲ್ಲಗೆ, "ನಿಲ್ಸು ಮಗ," ಅಂದಳು. ಜನರೇಟರ್ ಸದ್ದಿಗೆ ಕೇಳಲಿಲ್ಲ.

"ಕಿವೀಲಿ ಹೇಳವ್ವ," ಅಂದ ಮಗ. ಅವಳು ಮೇಲೆ ಹೋದಳು.

ಮುಂದಿನ ಸುತ್ತಿಗೆ ಅವನ ಕಿವಿಯ ಕಡೆ ಬಗ್ಗಲು ನೋಡಿದಳು. ಕಂಬಿ ಬಿಡಲಿಲ್ಲ. ಅಷ್ಟು ಬಿಗಿಯಾಗಿ ಹಾಕಿದ್ದ. ಪಿನ್ನಿನ ಮೇಲೆ ಕೈಯಿಟ್ಟಳು. ನಿನ್ನೆಯ ಹುಡುಗಿ ನೆನಪಾದಳು, ಕೈ ತೆಗೆದಳು.

ಪ್ಯಾರೇಜಾನ್ ಹೇಳಿ ನೋಡಿದ, ಬೈದು ನೋಡಿದ, ಹ್ಯಾಂಡಲ್ ಹಿಡಿದು ಜಗ್ಗಿ ನೋಡಿದ. ಇಬ್ಬರ ಮೂಟೆ ಎತ್ತುವ ಕೈ ಅದು, ಬಿಡಿಸಲಾಗಲಿಲ್ಲ. ಹ್ಯಾಂಡಲ್ ಬಿಟ್ಟು ಅಲ್ಲಾಡಬೇಡ ಅಂದವನೂ ಅವನೇ ಅಲ್ಲವೇ. ಕೊನೆಗೆ ಶೆಡ್ಡಿಗೆ ಓಡಿ ಜನರೇಟರನ್ನೇ ಬಂದ್ ಮಾಡಿದ. ಕರೆಂಟು ಹೋಯಿತು, ಬ್ರೇಕು ತಾನೇ ಬಿತ್ತು, ಚಕ್ರ ನಿಂತಿತು.

ನಿಂತಾಗ ಜವರಮ್ಮ ಎಲ್ಲಕ್ಕಿಂತ ಮೇಲೆ ಇದ್ದಳು.

ಸದ್ದೆಲ್ಲ ಅಡಗಿತು. ಗಾಳಿಗೆ ತೊಟ್ಟಿಲು ಸ್ವಲ್ಪ ತೂಗಿತು. ಅವಳು ಕಣ್ಣು ಮುಚ್ಚಿ, ಎರಡು ಕೈಯಲ್ಲೂ ಕಂಬಿ ಹಿಡಿದು, ಇದ್ದ ಬಲವೆಲ್ಲ ಹಾಕಿ ಜಗ್ಗಿದಳು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಇಲ್ಲ. ಇಷ್ಟು ದಿನ ಹತ್ತಿದವರನ್ನೆಲ್ಲ ಅವನು ಹೀಗೇ ಕಟ್ಟಿ ಕೂರಿಸಿದ್ದ. ತನಗೆ ಮಾತ್ರ ಅದು ಗೊತ್ತಿರಲಿಲ್ಲ. ಎಷ್ಟೋ ದಿನದಿಂದ ಎದೆಯಲ್ಲಿ ಕೂತಿದ್ದ ಹೆದರಿಕೆ ಅಲ್ಲಿ ಬಿಟ್ಟಿತು. ಅವಳು ಕಣ್ಣು ತೆರೆದಳು.

ಕೆಳಗೆ ಪ್ಯಾರೇಜಾನ್ ಜನರೇಟರ್ ಹಾಕಿ ಓಡಿಬಂದಿದ್ದ. ಕರೆಂಟು ಒಮ್ಮೆ ಹೋದರೆ, ಹ್ಯಾಂಡಲ್ ಇಳಿಸಿ ಮತ್ತೆ ಎತ್ತದೆ ಚಕ್ರ ಹೊರಡುತ್ತಿರಲಿಲ್ಲ.

"ಈಗ ತಿರುಗ್ಸಪ್ಪ, ಇಳಿಸೋಣ."

"ಅವ್ವ ಕಿವೀಲಿ ಹೇಳ್ಬೇಕು."

"ಅವ್ವ ಮೇಲಿದ್ದಾಳೆ ಕಣೋ."

"ಇಳಿದು ಬಂದು ಹೇಳ್ಲಿ."

"ಇಳೀಬೇಕು ಅಂದ್ರೆ ನೀನು ತಿರುಗ್ಸಬೇಕು."

"ತಿರುಗ್ಸಬೇಕು ಅಂದ್ರೆ ಅವ್ವ ಹೇಳ್ಬೇಕು."

ಪ್ಯಾರೇಜಾನ್ ಹೋಗಿ ಚಪ್ಪಲಿ ಕಟ್ಟೆಯ ಮೇಲೆ ಕೂತುಬಿಟ್ಟ. ಮೇಲಿಂದ ಜವರಮ್ಮ ಬಗ್ಗಿ ನೋಡಿ, "ಲೋ ಪೆದ್ದೇ! ನನ್ನ ಹೊಟ್ಟೇಲಿ ಹುಟ್ಟಿದ ಪೆದ್ದೇ! ತಿರುಗ್ಸೋ!" ಅಂತ ಕೂಗಿದಳು. ಕೂಗುತ್ತ ಕೂಗುತ್ತ ಅವಳಿಗೇ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಕಂಬಿಗೆ ಹಣೆ ಹಚ್ಚಿ ನಕ್ಕಳು.

"ನೋಡಿ ಮೇಸ್ತ್ರಿ," ಅಂದ ಮುದ್ದಯ್ಯ, "ನಮ್ಮವ್ವ ಎಷ್ಟು ಖುಷಿಯಾಗವ್ಳೆ."

ಹ್ಯಾಂಡಲ್ ಮೇಲೆ ಕೈಯಿಟ್ಟು, ಅವ್ವ ಬಂದು ಹೇಳಲಿ ಅಂತ ಒಂದು ಕಿವಿಯನ್ನು ಆಕಾಶಕ್ಕೆ ಮಾಡಿಕೊಂಡು ನಿಂತ.

ಕತೆ ನಿಂತಿತು. ಇನ್ನು ನೀವು ಕಂಬಿ ಬಿಟ್ಟು ನಿಧಾನಕ್ಕೆ ಇಳೀಬಹುದು. ಚಪ್ಪಲಿ ಮಾತ್ರ ನೀವೇ ಹುಡುಕ್ಕೊಳಿ, ಕೊಡೋಳು ಇನ್ನೂ ಮೇಲಿದ್ದಾಳೆ.